ವಯಸ್ಸಾಗಿತ್ರಿ, ಬಾಯಾರ

ನರ್ಸಿಂಗ್ ಹಾಸ್ಟೆಲ್, ದಾಂಡೇಲಿ
ಬುಧವಾರ, ೬-೮-೨೦೨೫

ಪ್ರೀತಿಯ ಆಯಿ,

ಮೊಣಕಾಲು ನೋವು ಈಗ ಹೇಗಿದೆ? ಊಟ ಸೇರುತ್ತಿದೆಯಾ? ಯಲ್ಲಪ್ಪ ಕಾಕಾ, ಕಾಕು, ಅವರ ಕೂಸು ಎಲ್ಲ ಆರಾಮಾ? ನಿನ್ನೆ ಫೋನ್ ಹಚ್ಚಿದ್ದೆ. ‘ಯಾರ್ರೀ ಅದು?’ ಎಂದು ನೀನು ಕೇಳಿದ ಕೂಡಲೇ ಕಟ್ ಮಾಡಿದೆ. ಅದಕ್ಕೇ ಈ ಪತ್ರ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಇದ್ದು ಇಂಗ್ಲಿಷ್ ಮೀಡಿಯಂ ಓದಿದವಳು, ಕನ್ನಡ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಸೋಮವಾರ ಸಾಂಬ್ರಾಣಿಯ ನಮ್ಮ ಮನೆಗೆ ಸರ್ವೆಗೆ ಬಂದ ಮೂವರು ಹುಡುಗಿಯರಲ್ಲಿ, ಮಾಸ್ಕ್ ಹಾಕಿಕೊಂಡು ಫಾರ್ಮ್ ಹಿಡಿದವಳು ನಾನೇ. ನಿನಗೆ ಗೊತ್ತಾಗಿತ್ತು ಎಂದು ನನಗೂ ಗೊತ್ತು. ಕಳೆದ ಎರಡು ವರ್ಷದಲ್ಲಿ ಯಾವ ಮನೆಯಲ್ಲಿ ಯಾರು ತೀರಿಕೊಂಡರು, ಯಾವ ರೋಗದಿಂದ ಎಂದು ಕೇಳಿ ಬರೆಯುವುದು ನಮ್ಮ ಕೆಲಸ. ಇದು ನಮ್ಮೂರು ಎಂದು ಗೆಳತಿಯರಿಗೆ ಬಸ್ಸಿನಲ್ಲೇ ಹೇಳಬೇಕೆಂದಿದ್ದೆ, ಧೈರ್ಯ ಬರಲಿಲ್ಲ. ಮೊದಲ ಮನೆಯಲ್ಲೇ ಒಬ್ಬರು ಟಿಬಿಯಿಂದ ತೀರಿಕೊಂಡಿದ್ದರು. ಹೊರಗೆ ಬಂದು ಗೆಳತಿ ಸ್ವಪ್ನಾ, ‘ಇಲ್ಲಿ ನೀರೂ ಕುಡೀಬ್ಯಾಡ್ರೇ, ನಮಗೂ ಹತ್ತತೈತಿ’ ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಹೇಳುವುದು ಹೇಗೆ? ನಿನ್ನ ಬಾಗಿಲಲ್ಲಿ ಯಾರೋ ಹೊರಗಿನವಳ ಹಾಗೆ ನಿಂತು, ‘ಅಜ್ಜಿ, ನಿಮ್ಮ ಮನೆಯಲ್ಲಿ ಯಾರಾದರೂ ಮರಣ ಹೊಂದಿದ್ದಾರಾ?’ ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದೆ. ನೀನು ನನ್ನ ಕಣ್ಣನ್ನೇ ನೋಡಿದೆ. ‘ಬರ್ರಿ ಬಾಯಾರ, ಕುಂದರ್ರಿ, ಚಾ ಕುಡದ ಹೋಗೀರಂತ’ ಎಂದೆ. ಸ್ವಂತ ಮೊಮ್ಮಗಳಿಗೆ, ನರ್ಸಮ್ಮನಿಗೆ ಅನ್ನುವ ಹಾಗೆ ‘ಬಾಯಾರ’ ಎಂದು ‘ರೀ’ ಹಚ್ಚಿದೆಯಲ್ಲ, ಆಯಿ. ನೀನು ಮೂರು ಕಪ್ ಚಹಾ ತಂದೆ, ನನ್ನದರಲ್ಲಿ ಮಾತ್ರ ಕೆನೆ. ಮಾಸ್ಕ್ ತೆಗೆಯಬೇಕಾಗುತ್ತದೆ ಎಂದು ಅದನ್ನೂ ನಾನು ಕುಡಿಯಲಿಲ್ಲ.

ಅಜ್ಜ ಹೇಗೆ ತೀರಿಕೊಂಡರು ಎಂದು ಕೇಳಿದಾಗ ನೀನು, ‘ವಯಸ್ಸಾಗಿತ್ರಿ, ಬಾಯಾರ. ಮಲಗಿದಾವ ಏಳಲಿಲ್ಲ’ ಎಂದೆ. ಗೆಳತಿಯರ ಮುಂದೆ ನನ್ನ ಮಾನ ಉಳಿಸಲು ನೀನು ಹಾಗೆ ಹೇಳಿದೆ. ಅಜ್ಜ ಎಂಟು ತಿಂಗಳು ಕೆಮ್ಮಿದ್ದು, ಕಫದಲ್ಲಿ ರಕ್ತ ಬಿದ್ದದ್ದು, ‘ಉಷ್ಣ ಆಗ್ತೈತಿ’ ಎಂದು ಟಿಬಿ ಗುಳಿಗೆಯನ್ನು ಎರಡೇ ತಿಂಗಳಿಗೆ ಬಿಟ್ಟದ್ದು ನನಗೆ ಗೊತ್ತಿಲ್ಲವಾ? ಆದರೂ ಕಾಲಂನಲ್ಲಿ ‘ಓಲ್ಡ್ ಏಜ್’ ಎಂದು ದುಂಡಗೆ ಬರೆದೆ. ಟಿಬಿ ಎಂದು ಬರೆದ ಮನೆಯವರಿಗಷ್ಟೇ ಈ ಸಲ ಕಫ ಪರೀಕ್ಷೆ. ಮಾತಾಡುತ್ತ ನೀನು ಎರಡು ಸಲ ಸೆರಗು ಬಾಯಿಗೆ ಹಿಡಿದು ಕೆಮ್ಮಿದೆ. ಕೂಸು ನಿನ್ನ ಮಗ್ಗುಲಲ್ಲೇ ಮಲಗುತ್ತದೆ. ಪರೀಕ್ಷೆಯ ಲಿಸ್ಟ್ ಶುಕ್ರವಾರ ಆಸ್ಪತ್ರೆಗೆ ಹೋಗುತ್ತದೆ, ಅದರಲ್ಲಿ ನಮ್ಮ ಮನೆ ಇಲ್ಲ. ಇವತ್ತು ಮೇಡಂ ನನ್ನ ಫಾರ್ಮನ್ನು ಕ್ಲಾಸಿಗೆಲ್ಲ ತೋರಿಸಿ ‘ವೆರಿ ನೀಟ್’ ಎಂದರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕಾಕಾ, ಕಾಕುಗೆ ನಮಸ್ಕಾರ, ಕೂಸಿಗೆ ಮುತ್ತು. ನಿನ್ನ ಕಾಲು ಮುಟ್ಟುವ ಮುಖ ನನಗಿಲ್ಲ, ಆದರೂ ಇಲ್ಲಿಂದಲೇ ಮುಟ್ಟಿದ್ದೇನೆ.

ನಿನ್ನ
ಮಧುಮತಿ

ತಾ.ಕ.: ಇದನ್ನು ಮಡಚಿಟ್ಟು ಮೇಡಂ ರೂಮಿಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಸ್ವಪ್ನಾ ಅಲ್ಲೇ ಇದ್ದಳು. ಬೈಸಿಕೊಂಡೆ, ಫಾರ್ಮ್ ತಿದ್ದಿದೆ. ಸೋಮವಾರ ನಿಮ್ಮ ಓಣಿಯ ಆಶಾ ಕಾರ್ಯಕರ್ತೆ ಸುವರ್ಣಾ ಜೊತೆ ನಾವು ಮೂವರೂ ಬರುತ್ತೇವೆ. ‘ನನಗೇನ ಧಾಡಿ ಆಗೈತಿ’ ಎಂದು ಹಿಂದಕ್ಕೆ ಕಳಿಸಬೇಡ, ಕಫ ಕೊಡು. ಅಲ್ಲಿಯವರೆಗೆ ಕೂಸನ್ನು ಕಾಕು ಹತ್ತಿರ ಮಲಗಿಸು. ಬೈಯುವುದಿದ್ದರೆ ಎಲ್ಲರ ಎದುರೇ ಬೈ, ಮೊಮ್ಮಗಳನ್ನು ಬೈಯುವ ಹಾಗೆ.