ಹಿಂದಿನ ಎರಡು ಜೇಬು

ಆಸ್ಪತ್ರೆ, ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ
ಆಗಸ್ಟ್ ಹನ್ನೆರಡು, ಮಧ್ಯಾಹ್ನ

ನನ್ನ ಪುಟ್ಟೀ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತಾ? ವೆಲ್ಡಿಂಗ್ ಮಾಡುವಾಗ ಕನ್ನಡಕ ತೆಗೆಯಬೇಡ ಎಂದು ಎಷ್ಟು ಬಡ್ಕೊಂಡರೂ ನೀನು ಕೇಳುವವಳಲ್ಲ, ಅಪ್ಪನ ಮಗಳು. ನಿಮ್ಮ ಸುರಂಗದ ಹತ್ತಿರ ಫೋನೇ ಸಿಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ನಿಮ್ಮ ಕ್ಯಾಂಪಿಗೆ ದಿನಸಿ ತರುವ ವ್ಯಾನಿನ ಡ್ರೈವರ್ ಸಂಜೆ ಇಲ್ಲಿಗೇ ಬಂದು ಒಯ್ಯುತ್ತಾನೆ. ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡ. ಮಂಚದ ಮೇಲಿರುವುದು ನಿಮ್ಮಪ್ಪ. ನಾಳೆ ಬೆಳಿಗ್ಗೆ ಅವರಿಗೆ ಹೊಟ್ಟೆಯ ಆಪರೇಷನ್.

ನೀನು ಹೊರಟ ಮೇಲೆ ಅವರು ಊಟ ಕಡಿಮೆ ಮಾಡಿದರು ಎಂದು ಬರೆದಿದ್ದೆನಲ್ಲ. ನಮ್ಮ ಮನೆಯ ಕಾನೂನು ನಿನಗೆ ಗೊತ್ತೇ ಇದೆ, ಯಾರಿಗೆ ಸಿಟ್ಟು ಬಂದರೂ ಬಾಯಿ ಬಿಡುವುದಿಲ್ಲ, ತಟ್ಟೆ ದೂಡುತ್ತೇವೆ. ಟೈಲರ್ ಮಗಳು ಕತ್ತರಿ ಬಿಟ್ಟು ಕಬ್ಬಿಣ ಹಿಡಿದಳೆಂಬ ಮುನಿಸು, ನಾಲ್ಕು ದಿನ ಇದ್ದು ಹೋಗುತ್ತದೆ ಎಂದು ಸುಮ್ಮನಿದ್ದೆ. ಆಮೇಲೆ ಪುಸಲಾಯಿಸಿದೆ, ಬೈದೆ, ಒಂದು ದಿನ ಎದುರಿಗೇ ಕೂತು ತಟ್ಟೆ ಖಾಲಿಯಾಗುವವರೆಗೆ ಏಳಲು ಬಿಡಲಿಲ್ಲ. ತಿಂದರು. ಸ್ವಲ್ಪ ಹೊತ್ತಿಗೆ ಅಂಗಡಿಗೆ ಹೋಗಿ ನೋಡಿದರೆ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮುದುಡಿಕೊಂಡು ಹೊಟ್ಟೆ ಹಿಡಿದು ನರಳುತ್ತಿದ್ದರು. ಕೇಳಿದರೆ, "ಗ್ಯಾಸು ಕಣೇ, ರಂಪ ಮಾಡ್ಬೇಡ." (ಇದನ್ನೆಲ್ಲ ಬರೆಯಬೇಡ ಎನ್ನುತ್ತಿದ್ದಾರೆ. ಬರೆಯುತ್ತೇನೆ, ಏನೀಗ?)

ಅಪ್ಪ ಇಷ್ಟು ಬಡಕಲಾಗಿದ್ದು ನಿನ್ನ ಕಣ್ಣಿಗೆ ಬೀಳಲಿಲ್ಲವಾ ಅಮ್ಮಾ ಎಂದು ಕೇಳುತ್ತೀಯ. ಎಲ್ಲಿಂದ ಬೀಳಬೇಕು? ಟೈಲರ್ ಮನೆಯವರು ನಾವು, ಮನುಷ್ಯರನ್ನು ಬಟ್ಟೆಯಿಂದಲೇ ನೋಡುವವರು. ಅಂಗಿ ಜೋತುಬಿದ್ದರೆ ಸೊರಗಿದ, ಗುಂಡಿ ಎಳೆದರೆ ಊದಿದ, ಅಷ್ಟೇ ನಮ್ಮ ಲೆಕ್ಕ. ಈ ಮಹಾಶಯರು ನಾನು ದಾರ, ಗುಂಡಿ ತರಲು ಪೇಟೆಗೆ ಹೋದಾಗಲೆಲ್ಲ ತಮ್ಮ ಬಟ್ಟೆಯನ್ನೇ ಬಿಚ್ಚಿ, ಸಣ್ಣದು ಮಾಡಿ, ಮತ್ತೆ ಹೊಲಿದುಕೊಂಡಿದ್ದಾರೆ! ಭುಜ ಭುಜದಲ್ಲೇ ಇತ್ತು, ಕಾಲರು ಕತ್ತಿಗೆ ಸರಿಯಾಗಿ ಕೂತಿತ್ತು. ಮುಖ ಬಾಡಿದ್ದು ನಿನ್ನ ಚಿಂತೆಗೆ ಎಂದುಕೊಂಡೆ. ಇಸ್ತ್ರಿಯನ್ನೂ ತಾವೇ ಮಾಡಿಕೊಳ್ಳುವವರು, ಹೋದ ತಿಂಗಳು ಸುಸ್ತೆಂದು ಮಲಗಿದ್ದಕ್ಕೆ ನಾನು ಇಸ್ತ್ರಿಗೆಂದು ಅವರ ಪ್ಯಾಂಟು ತಿರುಗಿಸಿ ಹಾಸಿದೆ ನೋಡು, ಹಿಂದಿನ ಎರಡು ಜೇಬು ಒಂದಕ್ಕೊಂದು ಅಂಟಿಕೊಂಡಿದ್ದವು. ಸೊಂಟ ಸಣ್ಣದು ಮಾಡಲು ಹಿಂಭಾಗದ ನಡುಹೊಲಿಗೆಯಲ್ಲಿ ಅಷ್ಟು ಬಟ್ಟೆ ಒಳಗೆ ಮಡಚಿದ್ದರು. ಅಂಗಿ ಯಾವಾಗಲೂ ಹೊರಗೆ ಬಿಡುತ್ತಿದ್ದರಲ್ಲ, ಯಾರಿಗೆ ಕಾಣಬೇಕು? ಪ್ಯಾಂಟು ಹಿಡಿದುಕೊಂಡೇ ಹೋಗಿ ಅವರ ಅಂಗಿ ಎತ್ತಿದೆ. ಪಕ್ಕೆಲುಬು ಎಣಿಸಬಹುದಿತ್ತು. ಜಗಳಕ್ಕೆಂದು ಹೋದವಳು ಅಲ್ಲೇ ಕೂತು ಅತ್ತುಬಿಟ್ಟೆ.

ಆಸ್ಪತ್ರೆಗೆ ಕರೆತಂದೆ. ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿದರು, ಹುಣ್ಣಿಲ್ಲ, ಏನಿಲ್ಲ. ಕೊನೆಗೆ ಬಣ್ಣದ ಔಷಧಿ ಚುಚ್ಚಿ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು. ಕರುಳಿಗೆ ರಕ್ತ ಒಯ್ಯುವ ಮೂರು ನಾಳಗಳಲ್ಲಿ ಎರಡು ಮುಚ್ಚಿಹೋಗಿವೆ, ಮೂರನೆಯದರಲ್ಲಿ ದಾರದಷ್ಟು ದಾರಿ. ಅಷ್ಟು ವರ್ಷದ ಸಿಗರೇಟು ಸುಮ್ಮನೆ ಬಿಡುತ್ತದೆಯೇ! ಉಂಡಾಗ ಕರುಳಿಗೆ ಹೆಚ್ಚು ರಕ್ತ ಬೇಕಂತೆ, ಸಿಗದಿದ್ದರೆ ಹಾಗೆ ಹಿಂಡುತ್ತದಂತೆ. ನೋವಿಗೆ ಹೆದರಿ ಉಣ್ಣುತ್ತಿರಲಿಲ್ಲ ಪುಟ್ಟೀ, ನಿನ್ನ ಮೇಲಿನ ಮುನಿಸಿಗಲ್ಲ. ಮೊದಲು ಕೈಯ ನಾಳದಿಂದ ತಂತಿ ತೂರಿಸಿ ಸ್ಟೆಂಟ್ ಹಾಕಲು ನೋಡಿದರು, ತಂತಿ ದಾಟಲೇ ಇಲ್ಲ. ಈಗ ಹೊಟ್ಟೆ ಕೊಯ್ದು, ತೊಡೆಯಿಂದ ತೆಗೆದ ಒಂದು ರಕ್ತನಾಳವನ್ನು ಮುಚ್ಚಿದ ಜಾಗ ದಾಟಿಸಿ ಕರುಳಿನ ನಾಳಕ್ಕೆ ಹೊಲಿಯುತ್ತಾರೆ. ಬೈಪಾಸ್. ಸರ್ಜನ್ ಮೇಡಂ ಮುಚ್ಚುಮರೆ ಮಾಡಲಿಲ್ಲ. "ಅಪಾಯ ಇಲ್ಲ ಅಂತ ಹೇಳಲ್ಲಮ್ಮ. ಆದ್ರೆ ಉಳಿದಿರೋ ದಾರೀನೂ ಮುಚ್ಚಿಬಿಟ್ರೆ ಕರುಳೇ ಸತ್ತುಹೋಗುತ್ತೆ, ಆಮೇಲೆ ನಮ್ಮ ಕೈಲೂ ಏನೂ ಇರಲ್ಲ." ಅದಕ್ಕೆ ನಿಮ್ಮಪ್ಪ ಕೇಳಿದ್ದೇನು ಗೊತ್ತಾ? "ಟ್ರಯಲ್‌ಗೆ ಯಾವತ್ತು ಬರ್ಬೇಕು ಮೇಡಂ?" ಅವರು ನಕ್ಕರು. ನನಗೆ ನಗು ಬರಲಿಲ್ಲ.

ನೀನು ಬರಬೇಡ. ಕೆಲಸ ಇನ್ನೂ ಕಾಯಂ ಆಗಿಲ್ಲ, ಮಧ್ಯೆ ಬಿಟ್ಟುಬಂದರೆ ಬೇರೆಯವರನ್ನು ಹಾಕಿಕೊಳ್ಳುತ್ತಾರೆ. ಎಲ್ಲ ಮುಗಿದ ಮೇಲೆ ಬರೆಯುತ್ತೇನೆ. ಇಲ್ಲಿ ಅನುಕೂಲವಾಗಿದೆ, ನರ್ಸುಗಳು ಒಳ್ಳೆಯವರು, ಅಪ್ಪ ಧೈರ್ಯವಾಗಿದ್ದಾರೆ. ಹೊತ್ತು ಹೊತ್ತಿಗೆ ಊಟ ಮಾಡು, ಯಾರ ಮೇಲಿನ ಸಿಟ್ಟಿಗೂ ತಟ್ಟೆ ದೂಡಬೇಡ.

ನಮ್ಮಿಬ್ಬರ ಆಶೀರ್ವಾದ ನಿನ್ನ ತಲೆಯ ಮೇಲಿರಲಿ.

ನಿನ್ನ ಅಮ್ಮ

ಅವಸರದಲ್ಲಿ: ಪುಟ್ಟೀ, ಮೇಲಿನ "ಬರಬೇಡ" ನನ್ನದಲ್ಲ. ಮಲಗಿದಲ್ಲಿಂದಲೇ ಕತ್ತು ಚಾಚಿ ಒಂದೊಂದು ಸಾಲೂ ಓದುತ್ತಾ ಅವರೇ ಬರೆಸಿದ್ದು. ಈಗ ಓದಲು ಅವರಿಲ್ಲಿಲ್ಲ. ಏನೂ ತಿನ್ನದೆಯೇ ನೋವು ಶುರುವಾಯಿತು, ಮೇಡಂ ಬಂದು ಹೊಟ್ಟೆ ಮುಟ್ಟಿ ನೋಡಿ "ನಾಳೆವರೆಗೆ ಕಾಯೋಕಾಗಲ್ಲ" ಎಂದರು, ಈಗಷ್ಟೇ ಒಳಗೆ ಕರೆದೊಯ್ದರು. ಬಾಗಿಲ ಹತ್ತಿರ ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ, "ನಂಗೊಂದು ಹೊಸ ಪ್ಯಾಂಟು ಕತ್ತರಿಸಿಡು. ಸೊಂಟ ಹಳೇ ಅಳತೇನೇ ಇರ್ಲಿ. ಗುಂಡಿ ಕಾಜಾ ಮಾತ್ರ ಪುಟ್ಟಿ ಮಾಡ್ಲಿ, ನಿಂದು ಸೊಟ್ಟ." ಡ್ರೈವರ್ ಗೇಟಿನ ಹತ್ತಿರ ಕಾಯುತ್ತಿದ್ದಾನೆ. ಕೆಲಸ ಹೋದರೆ ಇನ್ನೊಂದು ನೋಡೋಣ. ಅವರು ಕಣ್ಣು ಬಿಟ್ಟಾಗ ನಾನೊಬ್ಬಳೇ ಎದುರಿಗಿರಬಾರದು. ಅದೇ ವ್ಯಾನು ಹತ್ತಿ ಬಾ.