ಅಳೆಯದ ದಿಬ್ಬ

ಹಿರೇಗುಂಡಾಳ, ಕೃಷ್ಣೆಯ ದಡ
ಮುಂಗಾರಿನ ನೂರ ಎಂಬತ್ತನೆಯ ದಿನ, ಕ್ರಿ.ಶ. 2214

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ,

ಮೇಲಿನ ದಿನಾಂಕ ಕಂಡು ಗಾಬರಿಯಾಗಬೇಡಿ. ಮಳೆಯು ತಿಂಗಳುಗಳ ಮಾತು ಕೇಳುವುದನ್ನು ಬಿಟ್ಟ ಮೇಲೆ ನಾವು ಮೊದಲ ಮಳೆಯಿಂದಲೇ ದಿನ ಎಣಿಸುತ್ತೇವೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ವಿಜ್ಞಾನದ ಅಂಕಿಗಳನ್ನು ನಿಜದಂಥ ಚಿತ್ರಗಳಾಗಿ ಬಿಡಿಸುವ ಕೆಲಸ ನಿಮ್ಮ ಕಾಲದಲ್ಲಿ ಬೆಳೆಯುತ್ತಿತ್ತು ಎಂದು ಓದಿದ್ದೇನೆ. ಆ ಕೆಲಸವೇ ನನಗೆ ಅನ್ನ ಕೊಟ್ಟಿತು. ಅದೇ ಕೆಲಸದಲ್ಲಿ ನಾನು ಮಾಡಿದ ತಪ್ಪಿನಿಂದ ಹನ್ನೊಂದು ಜನ ಸತ್ತರು.

ನನ್ನ ಹೆಸರು ನೀಲಗಂಗಾ. ನಾನು ಕಣ್ಣಚ್ಚು ಬಿಡಿಸುವವಳು. ಇನ್ನೂ ಬಾರದ ಪ್ರವಾಹವನ್ನು ಬಂದು ನಿಂತಂತೆಯೇ ಚಾವಡಿಯ ಗೋಡೆಯ ತುಂಬ ಬಿಡಿಸಿದರೆ ಅದಕ್ಕೆ ಕಣ್ಣಚ್ಚು ಎನ್ನುತ್ತೇವೆ. ಮೊದಲು ಊರಿಗೆ ನೀಲಿ, ಕೆಂಪು ಪಟ್ಟಿಗಳ ನಕ್ಷೆ ಬರುತ್ತಿತ್ತು. ಯಾರೂ ತಿರುಗಿ ನೋಡುತ್ತಿರಲಿಲ್ಲ. ನಾನು ಮನೆಮನೆಗೆ ಹೋಗಿ ಬಾಗಿಲುಗಳ ಬಣ್ಣ ಗುರುತು ಹಾಕಿಕೊಂಡೆ. ಚಿತ್ರದಲ್ಲಿ ಹಿಟ್ಟಿನ ಗಿರಣಿಯ ಮೂರನೇ ಮೆಟ್ಟಿಲ ತನಕ ರಾಡಿನೀರು ಏರಿಸಿದೆ. ಜೋಳದ ಕಣಕಿಯ ಸಿವುಡುಗಳನ್ನು ಅದರ ಮೇಲೆ ತೇಲಿಸಿದೆ. ಆ ವರ್ಷ ನೀರು ಬರುವ ಮೊದಲೇ ಊರಿಗೆ ಊರೇ ಹೊರಟಿತು. ಒಂದು ಜೀವವೂ ಹೋಗಲಿಲ್ಲ. ನನಗೆ ನೆಲ ಕಾಣದಷ್ಟು ಹೆಮ್ಮೆಯಾಯಿತು.

ಮೂರನೆಯ ವರ್ಷ ಹೊಸ ಕಣ್ಣಚ್ಚು ಬಿಡಿಸುವಾಗ, ನನಗೆ ಅಂಕಿಗಳನ್ನು ಕೊಡುವ ಅಳತೆಗಾರ ದಸ್ತಗೀರ್ ಶಾಲೆಯ ಹಿಂದಿನ ದಿಬ್ಬವನ್ನು ತೋರಿಸಿದ. ಅಲ್ಲಿನ ಅಳತೆಯ ಯಂತ್ರ ಹೂಳಿನಲ್ಲಿ ಮುಚ್ಚಿಹೋಗಿ ಎರಡು ವರ್ಷವಾಗಿತ್ತು.

"ದಿಬ್ಬದ ಅಳತಿ ನನ್ನ ಹತ್ರ ಇಲ್ಲ ತಂಗಿ. ಅಷ್ಟು ಜಾಗಾ ಖಾಲಿ ಬಿಡು."

"ನಟ್ಟನಡುವ ತೂತು ಕಂಡ್ರ ಉಳದಿದ್ದನ್ನೂ ಯಾರೂ ನಂಬಂಗಿಲ್ಲ ಅಣ್ಣಾ."

"ನಂಬಲಿ ಅಂತ ಗೊತ್ತಿಲ್ಲದ್ದನ್ನ ಬರೀತಿ ಏನು?"

ಅವನು ಊಟಕ್ಕೆ ಹೋದಾಗ ದಿಬ್ಬಕ್ಕೆ ಹುಲ್ಲು ಬರೆದೆ. ಇಳಿಬಿಸಿಲು ಹಾಕಿದೆ. ಊರಿನ ಮಹಾದೇವಿ ಆಯಿ ಸಾಕಿದ್ದ ಹರಿದ ಕಿವಿಯ ಬಿಳಿ ಆಡನ್ನು ಅಲ್ಲಿ ಮೇಯಲು ನಿಲ್ಲಿಸಿದೆ. ದಸ್ತಗೀರ್ ಬಂದು ನೋಡಿ, ಚಿತ್ರದ ಕೆಳಗೆ ಸಹಿ ಹಾಕಿದ. ಆ ಸಹಿಯ ನೆಪದಲ್ಲಿ ನನ್ನ ತಪ್ಪನ್ನು ಅರ್ಧ ಮಾಡಿಕೊಳ್ಳಲು ಬಹಳ ದಿನ ಹೆಣಗಿದೆ. ಆಗಲಿಲ್ಲ.

ಆ ಸಲ ನೀರು ಬೆಳಗಿನ ಹೊತ್ತು ಬಂತು. ಮೇಲಿನ ಊರಿಗೆ ಹೋಗಬೇಕಿದ್ದ ನಲವತ್ತು ಜನ ದೂರವಾಯಿತೆಂದು ದಿಬ್ಬ ಹತ್ತಿದರು. ಹೊಳೆ ಅದರ ಬೆನ್ನನ್ನು ಒಳಗಿನಿಂದ ಕೊರೆದಿತ್ತು. ಮಧ್ಯಾಹ್ನದ ಹೊತ್ತಿಗೆ ದಿಬ್ಬ ಕುಸಿಯಿತು.

ವಿಚಾರಣೆಯ ವರದಿ ಹೊಳೆಯನ್ನು ದೂರಿತು. ಅದರಲ್ಲಿ ನನ್ನ ಹೆಸರಿರಲಿಲ್ಲ. ಅದನ್ನು ಓದಿ ಒಂದು ಗಳಿಗೆ ಹಗುರಾದೆ. ಆ ಹಗುರಕ್ಕೆ ಇವತ್ತಿಗೂ ನಾಚುತ್ತೇನೆ. ಕೊನೆಗೆ ಮಹಾದೇವಿ ಆಯಿಯ ಮನೆಗೆ ಹೋದೆ. ಸತ್ತವರಲ್ಲಿ ಅವಳ ಮಗಳೂ ಒಬ್ಬಳು.

"ನಿನ್ನ ಚಿತ್ರದಾಗ ನನ್ನ ಆಡು ನಿಂತಿತ್ತವ್ವಾ," ಎಂದಳು ಆಯಿ. "ಅದರ ಕಾಲಕೆಳಗ ನೆಲಾ ಒಣಗಿತ್ತು. ಅದನ್ನ ನೋಡೇ ಮಗಳನ್ನ ಕರ್ಕೊಂಡು ಹತ್ತಿದೆ."

"ಆಯಿ, ಆ ಜಾಗದ ಅಳತಿ ನಮ್ಮ ಹತ್ರ ಇರಲಿಲ್ಲ. ಚಂದ ಕಾಣಲಿ ಅಂತ ನಾನೇ ಬರದೆ."

ಅವಳು ಬಯ್ಯಲಿಲ್ಲ. "ಗೊತ್ತಿಲ್ಲ ಅಂತ ಹೇಳಬೇಕಿತ್ತಲ್ಲವ್ವಾ. ಗೊತ್ತಿಲ್ಲ ಅಂದ್ರ ನಮಗ ತಿಳೀತಿದ್ದಿಲ್ಲೇನು?" ಎಂದಳು.

ತಿಳಿಯುವುದಿಲ್ಲವೆಂದೇ ನಾನು ಅಂದುಕೊಂಡಿದ್ದೆ. ಮರುದಿನ ಊರ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಒಬ್ಬರು ಎದ್ದು ಹೊರಗೆ ಹೋದರು. ಉಳಿದವರು ತಲೆ ಎತ್ತಲಿಲ್ಲ. ಎರಡು ವರ್ಷ ನನ್ನ ಕೈಗೆ ಕುಂಚ ಕೊಡಲಿಲ್ಲ. ಆಮೇಲೆ ಊರಿನವರೇ ಕರೆಸಿದರು, ಒಂದು ಷರತ್ತಿನ ಮೇಲೆ. ಕಣ್ಣಚ್ಚು ತೆರೆಯುವ ಮೊದಲು ಮಹಾದೇವಿ ಆಯಿ ಅದರ ಒಂದೊಂದು ಜಾಗಕ್ಕೂ ಬೆರಳಿಟ್ಟು, "ಇದನ್ನ ಅಳದೀರೇನು?" ಎಂದು ಕೇಳುತ್ತಾಳೆ. ಇಲ್ಲವೆಂದರೆ ಆ ಜಾಗಕ್ಕೆ ಸುಣ್ಣ ಬಳಿಯುತ್ತೇನೆ. ಬೇರೆ ಮಾತು ಅವಳು ನನ್ನೊಡನೆ ಆಡುವುದಿಲ್ಲ.

ನಿಮ್ಮ ಚಿತ್ರಗಾರರು ಕಣ್ಣಿಗೆ ಕಟ್ಟುವಂತೆ ಬಿಡಿಸಲಿ, ಬೇಡವೆನ್ನುವುದಿಲ್ಲ. ಆ ಕಲೆ ಒಂದು ಊರನ್ನೇ ಉಳಿಸಿದ್ದನ್ನು ನಾನು ಕಂಡಿದ್ದೇನೆ. ಆದರೆ ಚಿತ್ರ ಎಷ್ಟು ನಿಜವೆನಿಸಿದರೂ, ಅದರಲ್ಲಿ ಅಳೆದದ್ದೆಷ್ಟು, ತುಂಬಿದ್ದೆಷ್ಟು ಎಂದು ಕೇಳದೆ ಬಿಡಬೇಡಿ.

ಇವತ್ತು ಬೆಳಿಗ್ಗೆ ಆಯಿ ಕೆಳಗೇರಿಯ ತಿರುವಿನ ಮೇಲೆ ಬೆರಳಿಟ್ಟಳು. ಅಲ್ಲಿ ಹದಿನಾರು ಮನೆಗಳಿವೆ. ಆ ತಿರುವನ್ನು ನಾವಿನ್ನೂ ಅಳೆದಿಲ್ಲ. ದಸ್ತಗೀರ್ ಆಗಲೇ ದೋಣಿ ಬಿಚ್ಚಿದ್ದಾನೆ, ಹೊಳೆ ಏರುತ್ತಿದೆ. ಅಳತೆಗೋಲು ಹಿಡಿದು ನಾನೂ ಹೊರಡಬೇಕು.

ನೀಲಗಂಗಾ