ಮಾರಬಾರದ ಸಿ.ಡಿ.

೧೪ ಜೂನ್ ೨೦೦೬, ಬುಧವಾರ. ಹಿರಿಯೂರು

ಇವತ್ತಿಡೀ ಆ ಸಿ.ಡಿ. ರಗಳೆಯೇ. ಯಲ್ಲದಕೆರೆಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಯಶೋಧಾ ನನ್ನ ಅಂಗಡಿಯಲ್ಲೇ ಕಂಪ್ಯೂಟರ್ ಕೊಂಡವಳು. ಸಾಫ್ಟ್‌ವೇರ್ ಒಳಗೇ ತುಂಬಿ ಬಂದಿತ್ತು, ಕಂಪನಿ ಸಿ.ಡಿ. ಕೊಟ್ಟಿರಲಿಲ್ಲ. ಈಗ ಹಾರ್ಡ್ ಡಿಸ್ಕ್ ಸುಟ್ಟು ಎಲ್ಲ ಹೋಗಿದೆ. ಹೊಸ ಡಿಸ್ಕ್ ಹಾಕಿದೆ. ಸಾಫ್ಟ್‌ವೇರ್ ತುಂಬುವ ಸಿ.ಡಿ. ನನ್ನ ಹತ್ತಿರ ಒಂದಿದೆ. ಕಾಪಿ ಮಾಡಿ ಮಾರಬಹುದಾ ಅಂತ ಕಂಪನಿಗೆ ಫೋನ್ ಮಾಡಿದೆ.

"ಅಂಗಡಿಯವರು ಮಾರೋ ಹಾಗಿಲ್ಲ, ಸುಮ್ನೆ ಕೊಡೋ ಹಾಗೂ ಇಲ್ಲ. ಕಂಪ್ಯೂಟರ್ ಕೊಂಡವರೇ ನಮಗೆ ಬರೀಲಿ, ತಿಂಗಳೊಳಗೆ ಕಳಿಸ್ತೀವಿ" ಎಂದ ಅಲ್ಲಿಯವನು.

"ಅಷ್ಟೊತ್ತಿಗೆ ಮದುವೆಗಳೇ ಮುಗ್ದಿರ್ತಾವೆ ಕಣ್ರಿ" ಎಂದು ಯಶೋಧಾ ಕಂಪ್ಯೂಟರ್ ಎತ್ತಿಕೊಂಡು ಹೋದಳು.

ಸಂಜೆ ಅದರ ಸಮೇತ ಮತ್ತೆ ಬಂದಳು. ಬಸ್‌ಸ್ಟ್ಯಾಂಡ್ ಹತ್ತಿರ ಯಾರೋ ಕಳ್ಳ ಸಿ.ಡಿ. ಹಾಕಿಕೊಟ್ಟಿದ್ದರು. ಚೆನ್ನಾಗಿಯೇ ಓಡುತ್ತಿತ್ತು, ಆದರೆ ಅವಳ ಮುಖದಲ್ಲಿ ಅಳುಕು.

"ಪೊಲೀಸ್ನೋರು ಬಂದ್ರೆ ನಾನು ಕಳ್ಳಿ ಆಗ್ತೀನೇನ್ರಿ? ಮೊದ್ಲು ಕಂಪ್ಯೂಟರ್ ಜೊತೆ ದುಡ್ಡು ಕೊಟ್ಟೇ ತಗಂಡಿದ್ನಲ್ಲ."

ಆ ಕಳ್ಳಮಾಲು ಅಳಿಸಿ, ನನ್ನ ಸಿ.ಡಿ.ಯಿಂದಲೇ ತುಂಬಿ, ಒಂದು ಕಾಪಿಯನ್ನೂ ಕೈಗಿಟ್ಟು ಕಳಿಸಿದೆ. ನಗುತ್ತಾ ಹೋದಳು.

ಕಂಪನಿ ಲೆಕ್ಕದಲ್ಲಿ ಈಗ ಕಳ್ಳ ನಾನು. ಆಗಲಿ, ಅವಳ ಸಾಫ್ಟ್‌ವೇರನ್ನು ಅವಳಿಗೇ ಕೊಟ್ಟಿದ್ದಕ್ಕೆ ಯಾರಾದರೂ ಕೇಳಿದರೆ, ಹೌದು, ನಾನೇ ಕೊಟ್ಟೆ ಅನ್ನುತ್ತೇನೆ.